ಕುಂಕುಮ ಹತ್ತಿದ ಫ್ಲಾಪಿ

ಕಳೆದ ಮಾಘದಲ್ಲಿ ಹೆಂಡತಿಯ ಕಡೆಯವರ ಮದುವೆಗೆಂದು ಬ್ಯಾಡಗಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ಎರಡು ಹೆಜ್ಜೆ ಇಟ್ಟಿರಲಿಲ್ಲ, ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ಒಂದರ ಹಿಂದೊಂದು ಮೂರು ಸೀನು. ಆ ಊರಿನವರು ಅದೇ ಘಾಟಿನಲ್ಲಿ ಚಹಾ ಕುಡಿಯುತ್ತಾರೆ, ಜಗಳವಾಡುತ್ತಾರೆ, ತೊಟ್ಟಿಲು ತೂಗುತ್ತಾರೆ. ಸೀನಿದವನು ಪರಊರಿನವನು ಎಂದು ಯಾರೂ ಹೇಳಬೇಕಾಗಿಲ್ಲ. ನನಗೆ ಮಾತ್ರ ಆ ಘಾಟಿನ ಒಳಗಿನಿಂದ ಬೇರೊಂದು ವಾಸನೆ ಬಂದ ಹಾಗಾಯಿತು. ಹೊಸ ಪ್ಲಾಸ್ಟಿಕ್ಕು, ಸ್ಪಿರಿಟ್ಟು, ಅವೆರಡರ ಮೇಲೆ ಕುಂಕುಮ. ಇಪ್ಪತ್ತೈದು ವರ್ಷದ ಮೇಲಾಯಿತು, ಆ ವಾಸನೆ ನನ್ನ ಬೆನ್ನು ಬಿಟ್ಟಿಲ್ಲ.

ಹಾವೇರಿ ಜಿಲ್ಲೆಯಾದ ಮರುವರ್ಷದ ಬೇಸಿಗೆ ಅದು. ನಾನು ಗುತ್ತಲದ ಹುಡುಗ, ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೊಸ ಜಿಲ್ಲೆ, ಹೊಸ ಕಚೇರಿಗಳು, ಎಲ್ಲರಿಗೂ ಕಂಪ್ಯೂಟರ್ ಬೇಕು ಎಂದು ಅಂಗಡಿಯವರು ನನ್ನನ್ನು ಹಾವೇರಿಗೆ ಕಳಿಸಿ, ರೇಲ್ವೆ ಸ್ಟೇಷನ್ನಿನ ಹಿಂದೆ ಒಂದು ಖೋಲಿ ಹಿಡಿದುಕೊಟ್ಟಿದ್ದರು. ಹೆಗಲಿಗೆ ಒಂದು ಚೀಲ. ಅದರಲ್ಲಿ ಸ್ಕ್ರೂಡ್ರೈವರು, ಬ್ರಶ್ಶು, ಸ್ಪಿರಿಟ್ ಬಾಟಲಿ, ಫ್ಲಾಪಿಗಳ ಡಬ್ಬಿ. ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಎಲ್ಲಿ ಹೋದರೂ ಕುರ್ಚಿ ಹಾಕಿ ಚಹಾ ಕೊಡುತ್ತಿದ್ದರು. ಇಪ್ಪತ್ತನಾಲ್ಕರ ವಯಸ್ಸಿಗೆ ಅಷ್ಟು ಮರ್ಯಾದೆ ಸಿಕ್ಕರೆ ತಲೆ ನಿಲ್ಲುತ್ತದೆಯೇ? ನನಗೂ ನಿಂತಿರಲಿಲ್ಲ.

ಪ್ರತಿ ಶನಿವಾರ ಬ್ಯಾಡಗಿಯ ಪಾಳಿ. ಊರಾಚೆ, ಕಾಗಿನೆಲೆ ರಸ್ತೆಯಲ್ಲಿ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಪ್ರಯೋಗದ ಹೊಲವಿತ್ತು. ಹೊಲದ ಮೂಲೆಗೆ ತಗಡಿನ ಮಾಡಿನ ಆಫೀಸು. ಅಲ್ಲಿ ಹೊಸ ಮೆಣಸಿನಕಾಯಿ ತಳಿ ಮಾಡುತ್ತಿದ್ದವರು ಮಕ್ತುಮಸಾಹೇಬರು. ಅರವತ್ತು ದಾಟಿದ, ಸಣಕಲ ಮೈಯ, ದಪ್ಪ ಕನ್ನಡಕದ ಮನುಷ್ಯ. ಶಾಲೆ ನಾಲ್ಕನೇ ಇಯತ್ತೆಗೇ ನಿಂತಿತ್ತು. ಆದರೆ ದೊಡ್ಡ ಓದು ಓದಿದವರು ಜೀಪಿನಲ್ಲಿ ಬಂದು ಅವರ ಮುಂದೆ ಕೈಕಟ್ಟಿ ನಿಂತು ಕೇಳಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಚಿಮಟಿಗೆಯಿಂದ ಬಿಡಿಸಿ, ಒಳಗಿನ ಗಂಡು ಎಳೆಗಳನ್ನಷ್ಟೇ ಕಿತ್ತು, ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ಕೆಂಪು ನೂಲು ಕಟ್ಟುವುದು ಅವರ ಕೆಲಸ. ಬ್ಯಾಡಗಿ ಕಾಯಿಯ ಬಣ್ಣ ಹಾಗೆಯೇ ಉಳಿಯಬೇಕು, ಎಲೆ ಮುದುಡಿಸುವ ಮುಟುರು ರೋಗ ಮಾತ್ರ ಗಿಡದ ಹತ್ತಿರ ಸುಳಿಯಬಾರದು. ಅದಕ್ಕಾಗಿ ಆರು ವರ್ಷ ಆ ಹೊಲದಲ್ಲಿ ಬಗ್ಗಿದ ಸೊಂಟ ಎತ್ತಿರಲಿಲ್ಲ.

ಬೀಜದ ದಂಧೆಯಲ್ಲಿ ಒಂದು ಪದ್ಧತಿಯಿದೆ. ಯಾವ ಗಂಡಿಗೆ ಯಾವ ಹೆಣ್ಣು ಕೂಡಿಸಿದ್ದು ಎಂಬುದು ಹೊರಗೆ ಹೋಗಬಾರದು. ಹೋದರೆ ಮರುವರ್ಷ ಅದೇ ಬೀಜ ಇನ್ನೊಬ್ಬರ ಚೀಲದಲ್ಲಿರುತ್ತದೆ. ಹೀಗಾಗಿ ಬೀಜದ ಲಕೋಟೆಗಳ ಮೇಲೆ ಬರೀ ನಂಬರು. ನಂಬರಿನ ಅರ್ಥ ಸಾಹೇಬರ ವಹಿಯಲ್ಲಿ. ಕಂಪ್ಯೂಟರ್ ಬಂದ ಮೇಲೆ ಒಂದೊಂದು ಹಾಳೆಯನ್ನೂ ಅದರಲ್ಲಿ ಏರಿಸುವುದು, ಏರಿಸಿದ ಹಾಳೆಯನ್ನು ಕಿತ್ತು ಒಲೆಗೆ ಹಾಕುವುದು.

"ಕಾಗದಕ್ಕ ಕಾಲು ಬರ್ತಾವ ಬೇಟಾ" ಎನ್ನುತ್ತಿದ್ದರು. "ಈ ಡಬ್ಬಿಗೆ ಕಾಲಿಲ್ಲ."

ಫ್ಲಾಪಿಯಲ್ಲಿ ಒಂದು ನಕಲು ತೆಗೆದಿಡೋಣ ಎಂದು ನಾನು ಎರಡು ಸಲ ಹೇಳಿದ್ದೆ. ಫ್ಲಾಪಿ ಅಂಗಿಯ ಕಿಸೆಯಲ್ಲಿ ಹಿಡಿಯುತ್ತದೆ, ಬೇಡ ಎಂದಿದ್ದರು. ಹೀಗೆ ಆರು ವರ್ಷದ ದುಡಿಮೆ ಒಂದೇ ಒಂದು ಡಿಸ್ಕಿನ ಮೇಲೆ ಕೂತಿತ್ತು.

ಆ ಡಿಸ್ಕು ಏಪ್ರಿಲ್ ತಿಂಗಳಲ್ಲಿ ಸಪ್ಪಳ ಮಾಡತೊಡಗಿತು. ಕಟ್, ಕಟ್, ಸ್ವಲ್ಪ ಬಿಟ್ಟು ಮತ್ತೆ ಕಟ್. ಗೋಡೆಯೊಳಗೆ ಹಲ್ಲಿ ಲೊಚಗುಟ್ಟಿದ ಹಾಗೆ. ಸಾಹೇಬರಿಗೆ ಅದು ಅಪಶಕುನದಂತೆ ಕೇಳಿಸಿತು. ನನಗೆ ಅದರ ಅರ್ಥವೂ ಗೊತ್ತಿತ್ತು: ಡಿಸ್ಕು ಇನ್ನು ಹೆಚ್ಚು ದಿನ ಬಾಳುವುದಿಲ್ಲ. ಕಂಪನಿಯವರು ಹೊಸ ಕಂಪ್ಯೂಟರ್, ಹೊಸ ಡಿಸ್ಕು ತರಿಸಿದರು. ಹೊಸ ಡಿಸ್ಕಿನ ಮೇಲೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ, ಹಳೇ ಡಿಸ್ಕನ್ನೂ ಅದೇ ಪೆಟ್ಟಿಗೆಯಲ್ಲಿ ಜೋಡಿಸಿ, ಅದರಲ್ಲಿದ್ದುದನ್ನು ಇದಕ್ಕೆ ಇಳಿಸಿಕೊಡುವುದು ನನ್ನ ಕೆಲಸ.

ಅವಸರಕ್ಕೂ ಕಾರಣವಿತ್ತು. ರೋಹಿಣಿ ಮಳೆ ಮುಗಿಯುವುದರೊಳಗೆ ಸಸಿಮಡಿಗೆ ಬೀಜ ಬೀಳಬೇಕು. ಮುನ್ನೂರಕ್ಕೂ ಹೆಚ್ಚು ಲಕೋಟೆಗಳಲ್ಲಿ ಯಾವ ಹನ್ನೆರಡನ್ನು ಬಿತ್ತಬೇಕು ಎಂಬುದು ಡಿಸ್ಕಿನಲ್ಲಿತ್ತು. ಅದಕ್ಕಿಂತ ದೊಡ್ಡ ಕಾರಣವನ್ನು ಸಾಹೇಬರು ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ನನಗೆ ಹೇಳಿದರು.

"ಸಕ್ಕರಿ ರೋಗ ಕಣ್ಣಿಗೆ ಇಳದೈತಿ ಅಂದ್ರು ಡಾಕ್ಟರು. ಮೊಗ್ಗಿನೊಳಗಿನ ಎಳಿ ಈಗ ನನಗ ಎರಡೆರಡು ಕಾಣ್ತಾವ. ಇನ್ನೊಂದು ವರ್ಷ ಕಂಡರ ಅಲ್ಲಾನ ದಯಾ. ಈ ಸಲದ್ದು ಬಿತ್ತಿ ಕಾಯಿ ನೋಡಿಬಿಟ್ಟೆ ಅಂದ್ರ ಸಾಕು. ಮತ್ತ ಮೊದಲಿಂದ ಮಾಡ್ತೇನಿ ಅಂದ್ರ ಆಗೂದಿಲ್ಲ."

ಹೊಸ ಪೆಟ್ಟಿಗೆ ಬಂದದ್ದು ಒಂದು ಶುಕ್ರವಾರ. ಬಿಚ್ಚಿ ಜೋಡಿಸಿ, ಮರುದಿನ ಬಂದು ಸಿಸ್ಟಮ್ ಹಾಕುವುದೆಂದು ಮಾತಾಯಿತು. ಪೆಟ್ಟಿಗೆಯ ಜೊತೆಗೊಂದು ನೀಲಿ ಫ್ಲಾಪಿಯಿತ್ತು. ಆಫೀಸಿನ ಕೀಲಿ, ಕಸ, ಚಹಾ, ಲಕೋಟೆಗಳ ಮೇಲಿನ ನಂಬರು ಎಲ್ಲ ನೋಡಿಕೊಳ್ಳುತ್ತಿದ್ದ ಶಾಂತಕ್ಕ ಅದನ್ನು ನೋಡಿ ಕೇಳಿದಳು, "ಇಷ್ಟು ದೊಡ್ಡ ಮಷೀನಿಗೆ ಈ ಸಣ್ಣದ್ಯಾಕ್ರಿ ಅಣ್ಣಾರ?"

ಶಾಂತಕ್ಕನಿಗೆ ಆಗ ಮೂವತ್ತೈದು ಇದ್ದೀತು. ಗಂಡ ತೀರಿಕೊಂಡಿದ್ದ, ಎರಡು ಹೆಣ್ಣುಮಕ್ಕಳು. ಆ ಆಫೀಸಿನ ನೆರಳು ಬಿಟ್ಟರೆ ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವುದೇ ಗತಿ ಎಂದು ಅವಳೇ ಹೇಳುತ್ತಿದ್ದಳು. ಅವಳ ಮುಂದೆ ನನ್ನ ಜಾಣತನ ತೋರಿಸುವ ಹುಕಿ ಬಂತು. ಫ್ಲಾಪಿಯ ತಗಡಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿ, ಒಳಗಿನ ಕಪ್ಪು ಮಿರುಗು ತೋರಿಸಿದೆ.

"ಹೊಸ ಸಿಸ್ಟಮ್ ಹಾಕೋವಾಗ ಅದಕ್ಕ ಡಿಸ್ಕ ಕಾಣಂಗಿಲ್ಲ ಅಕ್ಕಾ, ಕುರುಡು ಇರತೈತಿ. ಇದರಾಗ ಡ್ರೈವರ್ ಅಂತ ಒಂದು ಸಣ್ಣ ಪ್ರೋಗ್ರಾಮ್ ಐತಿ. ಮೊದಲ ಇದನ್ನ ಓದಿಸಬೇಕು, ಆಮ್ಯಾಲೆ ಡಿಸ್ಕ ಕಾಣತೈತಿ. ಇದು ಅದರ ಕಣ್ಣು ಅಂತ ತಿಳಕೋ."

ಅವಳು ತಿಳಿದುಕೊಂಡಳು. ನಮ್ಮ ಕಡೆ ಹೊಸ ಸಾಮಾನು ಬಂದರೆ ಅರಿಷಿಣ-ಕುಂಕುಮ ಕಾಣಿಸದೆ ಬಳಸುವುದಿಲ್ಲ. ಅದಕ್ಕೂ ಒಂದು ರೀತಿಯಿದೆ. ಕುಡುಗೋಲಿನ ಹಿಡಿಕೆಗೆ ಯಾರೂ ಹಚ್ಚುವುದಿಲ್ಲ, ಅಲಗಿಗೆ ಹಚ್ಚುತ್ತಾರೆ. ಗಿರಣಿಯಾದರೆ ಕಾಳು ಸುರಿಯುವ ಬಾಯಿಗೆ, ತಕ್ಕಡಿಯಾದರೆ ತಟ್ಟೆಗೆ. ಕೆಲಸ ಮಾಡುವ ಅಂಗಕ್ಕೇ ಹಚ್ಚಬೇಕು. ಶನಿವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಪೆಟ್ಟಿಗೆಗೆ ಹೂವೇರಿಸಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು ಇಟ್ಟಿದ್ದಳು. ಫ್ಲಾಪಿಯ ಮುಚ್ಚಳ ಸರಿಸಿ ಒಳಗಿನ ಕಪ್ಪಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಮುಚ್ಚಳವನ್ನು ಮೊದಲಿನಂತೆ ಬಿಟ್ಟಿದ್ದಳು. ಅದು ನನಗೆ ಹೊರಗಿನಿಂದ ಕಾಣಲಿಲ್ಲ.

ಯಂತ್ರ ಚಾಲೂ ಮಾಡಿದೆ. ನೀಲಿ ಪರದೆ ಬಂತು. ಡ್ರೈವರ್ ಫ್ಲಾಪಿ ಕೊಡು ಎಂದು ಕೇಳಿತು, ಕೊಟ್ಟೆ. ಒಳಗಿನಿಂದ ಗರಗರ ಎಂದು ಅರೆಯುವ ಸಪ್ಪಳ. ಓದಲಾಗುತ್ತಿಲ್ಲ ಎಂದಿತು. ಹೊರಗೆ ತೆಗೆದರೆ ಬೆರಳಿಗೆ ಕೆಂಪು ಹತ್ತಿತು.

"ಇದೇನು ಮಾಡೀ ಅಕ್ಕಾ?"

"ಕಣ್ಣು ಅಂದ್ರಲ್ಲರಿ" ಎಂದಳು ಶಾಂತಕ್ಕ. ಮುಖ ಬಿಳಿಚಿಕೊಂಡಿತ್ತು. "ದೇವರಿಗೆ ಹಚ್ಚಿದಂಗ ಹಚ್ಚಿದೆ."

ಸಾಹೇಬರು ನಕ್ಕುಬಿಟ್ಟರು. "ಇರಲಿ ಬಿಡು ಬೇಟಾ. ಆಕೀ ಮನಸು ಒಳ್ಳೇದು." ನಾನೂ ನಕ್ಕೆ. ಅಲ್ಲಿಯವರೆಗೆ ಯಾವುದೂ ಕೆಟ್ಟಿರಲಿಲ್ಲ ಎಂಬುದನ್ನು ಓದುವವರು ನೆನಪಿಡಬೇಕು. ಕುಂಕುಮದಿಂದ ಹಾಳಾದದ್ದು ಒಂದು ಫ್ಲಾಪಿ ಅಷ್ಟೇ. ಸೋಮವಾರದ ಬಸ್ಸಿಗೆ ಹುಬ್ಬಳ್ಳಿಯಿಂದ ಇನ್ನೊಂದು ಬರುತ್ತಿತ್ತು.

ಕಾಯುವ ತಾಳ್ಮೆ ನನಗಿರಬೇಕಲ್ಲ. ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಅದೇ ಜಾತಿಯ, ಸ್ವಲ್ಪ ಹಳೆಯ ಯಂತ್ರದ ಡ್ರೈವರ್ ಫ್ಲಾಪಿ ಇರುವುದು ಗೊತ್ತಿತ್ತು. ಆಫೀಸಿನಿಂದಲೇ ಹುಬ್ಬಳ್ಳಿಗೆ ಫೋನು ಹಚ್ಚಿ ನಮ್ಮ ಹಿರಿಯ ಮೆಕ್ಯಾನಿಕ್‌ನನ್ನು ಕೇಳಿದೆ.

"ಹಳೇದೂ ನಡೀತೈತಿ" ಎಂದ ಅವನು. "ಆದ್ರ ಅದು ಡಿಸ್ಕಿನ ಹೆಸರು ತೋರಸಂಗಿಲ್ಲ ನೋಡು, ಬರೀ ಅಳತಿ ತೋರಸತೈತಿ. ನಿನ್ನ ಎರಡೂ ಡಿಸ್ಕಿನ ಅಳತಿ ಒಂದ. ಹೊಸಾದನ್ನೂ ನಾವು ಇಲ್ಲೆ ಒಮ್ಮೆ ಫಾರ್ಮ್ಯಾಟ್ ಮಾಡಿ ಕೊಟ್ಟೇವಿ. ಯಾವುದು ಯಾವುದಂತ ತಿಳಿಯಂಗಿಲ್ಲ. ಹಳೇದರ ವಾಯರ್ ಬಿಚ್ಚಿಟ್ಟು ಕೂಡು. ಕೇಳಿಸ್ತೇನು?"

ಕೇಳಿಸಿತ್ತು. ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗಿ ಫ್ಲಾಪಿ ತಂದೆ. ಬರುವಾಗ ಆಕಾಶ ಮಂಕಾಗಿ, ಹೊಲಗಳಿಂದ ಧೂಳಿನ ಸುಳಿ ಎದ್ದು ರಸ್ತೆಗೆ ಅಡ್ಡ ಬರುತ್ತಿತ್ತು. ಮಳೆಯಂತೂ ಇಲ್ಲ, ಮೈಗೆ ಜಿಗಟು ಹಿಡಿಸುವ ಸೆಖೆ. ಆಫೀಸಿಗೆ ಬಂದಾಗ ಮೂರು ಗಂಟೆಯ ಮೇಲಾಗಿತ್ತು. ನಾಲ್ಕಕ್ಕೆ ಕರೆಂಟು ಹೋಗುವುದು ಆಗಿನ ಕಟ್ಟಳೆ. ಪೆಟ್ಟಿಗೆಯ ಮುಚ್ಚಳ ಹಾಕಿಯಾಗಿತ್ತು. ಅದನ್ನು ತೆಗೆಯಲು ಎರಡು ಸ್ಕ್ರೂ ಬಿಚ್ಚಬೇಕು. ಎರಡೇ. ನಾನು ಬಿಚ್ಚಲಿಲ್ಲ. ಮೊದಲನೆಯ ವಾಯರಿಗೆ ಹೊಸದನ್ನೇ ಸಿಕ್ಕಿಸಿದ್ದೇನಲ್ಲ, ಪರದೆಯ ಮೇಲೂ ಅದೇ ಮೊದಲು ಬರುತ್ತದೆ ಎಂದುಕೊಂಡೆ.

ಹಳೆಯ ಡ್ರೈವರ್ ಚಕ್ಕನೆ ಓದಿಸಿಕೊಂಡಿತು. ಪರದೆಯ ಮೇಲೆ ಎರಡು ಸಾಲು ಬಂದವು. ಒಂದೇ ಅಳತೆ, ಒಂದೇ ಬರಹ. ಒಂದರ ಹಿಂದೆ ಸೊನ್ನೆ, ಇನ್ನೊಂದರ ಹಿಂದೆ ಒಂದು. ನಾನು ಆ ಎರಡು ಸಾಲನ್ನು ನೋಡಿದೆ. ಆರಿಸಿದ ಡಿಸ್ಕನ್ನು ಪೂರ್ತಿ ಒರೆಸಿಯೇ ಹೊಸ ಸಿಸ್ಟಮ್ ಅದರ ಮೇಲೆ ಕೂರುತ್ತದೆ; ನಾನು ಮೇಲಿನ ಸಾಲನ್ನು ಆರಿಸಿದೆ.

ಹಿಂದೆ ಕುರ್ಚಿಯಲ್ಲಿ ಕೂತಿದ್ದ ಸಾಹೇಬರು ಮುಂದಕ್ಕೆ ಬಾಗಿದರು. ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. "ನಮ್ಮದು ಯಾವುದು?"

"ಕೆಳಗಿಂದು. ಮ್ಯಾಲಿನದು ಹೊಸಾದು."

"ಖರೇನ?"

"ಖರೇ ಚಾಚಾ."

ಎಂಟರ್ ಒತ್ತಿದೆ. ಹಳದಿ ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗಿತು. ಮಾಡಿನ ತಗಡು ಗಾಳಿಗೆ ಒಮ್ಮೆ ಎದ್ದು ಬಿತ್ತು. ಆಮೇಲೆ ಪೆಟ್ಟಿಗೆಯೊಳಗಿಂದ ಬಂತು ಆ ಸಪ್ಪಳ. ಕಟ್, ಕಟ್. ಸ್ವಲ್ಪ ಬಿಟ್ಟು, ಕಟ್.

ಸಾಹೇಬರು ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳಿದರು. ಕಣ್ಣು ಮಂದವಾದವರ ಕಿವಿ ಬಹಳ ಚುರುಕು.

"ಬೇಟಾ, ಹಳೇದ್ಯಾಕ ಸಪ್ಪಳ ಮಾಡಾಕತ್ತೈತಿ?"

ಕೆಲಸ ನಡೆಯುತ್ತಿರುವುದು ಹಳೇ ಡಿಸ್ಕಿನ ಮೇಲೆ ಎಂದು ಆ ಸಪ್ಪಳ ಸಾರಿ ಹೇಳುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. "ಎರಡಕ್ಕೂ ಕರೆಂಟ್ ಒಂದ ಕಡೆಯಿಂದ ಐತಿ ಚಾಚಾ, ಹಂಗ ಆಗತೈತಿ."

ಅವರು ಕೈಯಲ್ಲಿದ್ದ ಟೋಪಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಇಲ್ಲಿಯ ತನಕ ಆದದ್ದು ತಪ್ಪು. ಇನ್ನು ಮುಂದಿನದು ಪಾಪ. ಡಿಸ್ಕನ್ನು ಒರೆಸಿದ ಮಾತ್ರಕ್ಕೆ ಅದರಲ್ಲಿದ್ದುದು ಪೂರ್ತಿ ಹೋಗುವುದಿಲ್ಲ, ಅಲ್ಲಿಗೇ ನಿಲ್ಲಿಸಿ ಕೈಮುಟ್ಟದೆ ಬಲ್ಲವರಿಗೆ ಕಳಿಸಿದರೆ ಬಹಳಷ್ಟು ತೆಗೆಯಬಹುದು. ಇದು ನನಗೆ ಆಗಲೇ ಗೊತ್ತಿತ್ತು. ಆದರೆ ನಿಲ್ಲಿಸಬೇಕಾದರೆ ಬಾಯಿ ಬಿಟ್ಟು ಹೇಳಬೇಕಿತ್ತು: ಹಳೇದನ್ನು ಒರೆಸಿಬಿಟ್ಟೆ ಎಂದು. ನಾನು ಹೇಳಲಿಲ್ಲ. ಹೊಸ ಸಿಸ್ಟಮ್ಮಿನ ಕಡತಗಳನ್ನೆಲ್ಲ ಅದೇ ಡಿಸ್ಕಿನ ಮೇಲೆ ಸುರಿಯಲು ಬಿಟ್ಟೆ. ಬಿತ್ತಿದ ಹೊಲವನ್ನು ಮತ್ತೆ ರಂಟೆ ಹೊಡೆದಂತೆ, ಮೊದಲು ಏನಿತ್ತೆಂದು ಯಾರಿಗೂ ತಿಳಿಯಬಾರದು ಎಂದು. ಅಂದು ಕರೆಂಟು ನಾಲ್ಕಕ್ಕೆ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು.

ಐದು ಗಂಟೆಗೆ ರಾಣೆಬೆನ್ನೂರಿನಿಂದ ಮ್ಯಾನೇಜರ್ ಬಂದರು. ಹೊಸ ಯಂತ್ರದಲ್ಲಿ ವಹಿ ತೋರಿಸು ಎಂದರು. ಇಲ್ಲ ಎಂದೆ. ಯಾಕಿಲ್ಲ ಎಂದರು. ನನ್ನ ಕಣ್ಣು ಮೇಜಿನ ಮೇಲಿದ್ದ ನೀಲಿ ಫ್ಲಾಪಿಯ ಮೇಲೆ ಬಿತ್ತು, ನಾಲಿಗೆ ತಾನೇ ಹೊರಳಿತು.

"ಡ್ರೈವರ್ ಫ್ಲಾಪಿಗೆ ಕುಂಕುಮ ಹಚ್ಚಿಬಿಟ್ಟಿದ್ರು ಸರ. ಹಿಂಗಾಗಿ ಡಿಸ್ಕ ಕೆಟ್ಟೈತಿ."

ಮ್ಯಾನೇಜರ್ ಶಾಂತಕ್ಕನ ಕಡೆ ತಿರುಗಿದರು. ಅವರಾಡಿದ ಮಾತು ಇಲ್ಲಿ ಬೇಡ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾಳೆಯಿಂದ ಬರಬೇಡ ಎಂದಾಗ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ಗೊಂಚಲು ತೆಗೆದು ಮೇಜಿನ ಮೇಲೆ ಇಟ್ಟಳು. ಇಟ್ಟವಳು ಮ್ಯಾನೇಜರ್ ಕಡೆ ನೋಡಲಿಲ್ಲ, ಸಾಹೇಬರ ಕಡೆ ನೋಡಿ, "ನಿಮ್ಮ ಆರು ವರ್ಷ ತಿಂದೆ ಚಾಚಾ" ಎಂದಳು.

ಸಾಹೇಬರು ನನ್ನ ಕಡೆ ನೋಡಿದರು. ಆ ದಪ್ಪ ಗಾಜಿನ ಹಿಂದಿನ ಕಣ್ಣಿಗೆ ನನ್ನ ಮುಖ ಎಷ್ಟು ಕಂಡಿತೋ ಗೊತ್ತಿಲ್ಲ. ಬಹಳ ಹೊತ್ತು ನೋಡಿದರು, ಕಾಯುತ್ತಿದ್ದವರ ಹಾಗೆ. ನಾನು ಚೀಲದೊಳಗೆ ಸ್ಕ್ರೂಡ್ರೈವರ್ ತುರುಕುವುದರಲ್ಲಿ ಮಗ್ನನಾಗಿದ್ದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ದೊಣ್ಣೆ ತಪ್ಪಿತ್ತು. ಅದು ಯಾರ ತಲೆಗೆ ಬಿತ್ತು ಎಂದು ನೋಡುವ ಧೈರ್ಯ ನನಗಿರಲಿಲ್ಲ.

ಮುಂದಿನ ಶನಿವಾರ ಹೋದಾಗ ಸಾಹೇಬರು ನೆಲದ ಮೇಲೆ ಲಕೋಟೆಗಳನ್ನು ಸಾಲಾಗಿ ಹರಡಿಕೊಂಡು ಕೂತಿದ್ದರು. ಒಂದೊಂದನ್ನೇ ಎತ್ತಿ, ನಂಬರು ಯಾರಿಂದಲೋ ಓದಿಸಿ, ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತಿದ್ದರು. ಕೆಲವು ನೆನಪಾಗುತ್ತಿದ್ದವು. ಉಳಿದವನ್ನು ಅಂಗೈ ಮೇಲೆ ಸುರಿದು ಬೆರಳಿನಿಂದ ಸವರಿ ನೋಡಿ, ಮತ್ತೆ ಲಕೋಟೆಗೆ ತುಂಬುತ್ತಿದ್ದರು. ಮೆಣಸಿನ ಬೀಜ ಎಲ್ಲವೂ ಒಂದೇ ತರಹ, ಸವರಿದರೆ ಏನು ತಿಳಿದೀತು?

"ಬಂದ್ಯಾ ಬೇಟಾ? ಕೂಡು" ಎಂದರು. "ಏನರ ಹೇಳೂದೈತೇನು?"

"ಇಲ್ಲ ಚಾಚಾ. ಮಷೀನ್ ನೋಡಿ ಹೋಗೂಣಂತ ಬಂದೆ."

"ಹೂಂ" ಎಂದರು.

ರೋಹಿಣಿ ಬಂತು. ಮಳೆ ಸರಿಯಾಗಿಯೇ ಆಯಿತು, ಆ ವರ್ಷ ಯಾರೂ ಮಳೆಯನ್ನು ಬೈಯುವ ಹಾಗಿರಲಿಲ್ಲ. ಸಾಹೇಬರು ಎಲ್ಲ ಲಕೋಟೆಗಳಿಂದ ಚಿಟಿಕೆ ಚಿಟಿಕೆ ಬಿತ್ತಿಸಿದರಂತೆ. ಸಸಿ ಎದ್ದವು, ನಾಟಿಯಾದವು, ಹೊಲ ತುಂಬ ಹಸಿರು. ಹೂ ಬಿಡುವ ಹೊತ್ತಿಗೆ ಅವರ ಕಣ್ಣು ಪೂರ್ತಿ ಮಸುಕಾಗಿತ್ತು. ಗಿಡದಿಂದ ಗಿಡಕ್ಕೆ ಕೈಯಾಡಿಸುತ್ತ ಹೋಗುತ್ತಿದ್ದರು ಎಂದು ಕೇಳಿದೆ. ಕೇಳಿದೆ ಎನ್ನುತ್ತೇನೆ, ಏಕೆಂದರೆ ನಾನು ಹೋಗಲಿಲ್ಲ. ಶನಿವಾರದ ಪಾಳಿಯನ್ನು ಬೇರೊಬ್ಬನಿಗೆ ದಾಟಿಸಿದ್ದೆ. ಮರುವರ್ಷ ಕಂಪನಿಯವರು ಆ ಹೊಲವನ್ನೇ ಬಿಟ್ಟುಕೊಟ್ಟರು. ನಾನೂ ಹುಬ್ಬಳ್ಳಿಯ ಕೆಲಸ ಬಿಟ್ಟು ಗದಗಿನ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆ ಸೇರಿದೆ. ವಾಯರ್ ಬಿಚ್ಚದೆ ಯಾವ ಯಂತ್ರಕ್ಕೂ ಕೈ ಹಾಕಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಯಾಕೆ ಎಂದು ಅವರು ಕೇಳುವುದಿಲ್ಲ, ಪುಣ್ಯ.

ಕಳೆದ ಮಾಘದ ಆ ಮದುವೆ ಮುಗಿಸಿ, ಊಟಕ್ಕೆ ಕೂರದೆ, ಪೇಟೆಯಲ್ಲಿ ಕೇಳಿಕೊಂಡು ಹೋದೆ. ಶಾಂತಕ್ಕ ಸಿಕ್ಕಳು. ಒಂದು ಓಣಿಯ ಮೂಲೆಗೆ ಸಣ್ಣ ಖಾರಪುಡಿ ಗಿರಣಿ ಇಟ್ಟುಕೊಂಡಿದ್ದಾಳೆ. ಕೂದಲು ಬೆಳ್ಳಗಾಗಿದೆ, ಹುಬ್ಬಿನ ಮೇಲೆಲ್ಲ ಕೆಂಪು ಪುಡಿ. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ, "ಬರ್ರಿ ಅಣ್ಣಾರ, ಕುಂದ್ರಿ" ಎಂದು ಸ್ಟೂಲು ಒರೆಸಿಕೊಟ್ಟಳು. ಮಕ್ತುಮಸಾಹೇಬರು ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ.

ಆ ಊರಿನ ಯಾವ ಗಿರಣಿಗೆ ಹೋದರೂ ಬಾಯಿಗೆ ಕುಂಕುಮದ ದಪ್ಪ ಪದರವಿರುತ್ತದೆ, ವರ್ಷ ವರ್ಷದ್ದು. ಅವಳ ಗಿರಣಿಯ ಬಾಯಿ ಬರಿದಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಕೇಳಿದೆ. "ಕುಂಕುಮ ಹಚ್ಚಿಲ್ಲೇನ ಅಕ್ಕಾ?"

"ಅವತ್ತಿಂದ ಯಾವ ಸಾಮಾನಿಗೂ ಹಚ್ಚಿಲ್ರಿ" ಎಂದಳು. "ನನ್ನ ಕೈ ಚಲೋ ಅಲ್ಲ."

ಆಗ ಹೇಳಿದೆ. ಎರಡು ಸ್ಕ್ರೂ, ಎರಡು ಸಾಲು, ಎಂಟರ್, ಆ ಸಪ್ಪಳ, ಆಮೇಲೆ ಮೇಲೆ ಸುರಿದದ್ದು, ಎಲ್ಲವನ್ನೂ ಹೇಳಿದೆ. ಇಪ್ಪತ್ತೈದು ವರ್ಷ ಹೊತ್ತದ್ದನ್ನು ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ನಡುವೆ ಗಿರಾಕಿಯೊಬ್ಬಳು ಬಂದು ನಿಂತಳು, ಶಾಂತಕ್ಕ ಅವಳಿಗೆ ಆಮೇಲೆ ಬಾ ಎಂದಳು.

"ಚಾಚಾ ಹೇಳಿದ್ರು" ಎಂದಳು ಕೊನೆಗೆ. "ಅದ ವಾರ ಮನೀತನಕ ಬಂದು ಹೇಳಿದ್ರು. 'ನಿನ್ನ ಕುಂಕುಮದ್ದಲ್ಲ ತಪ್ಪು, ಹಳೇದು ಕಟಕಟ ಅಂದದ್ದು ನಾ ಕೇಳೇನಿ, ಆ ಹುಡುಗಗ ಗೊತ್ತೈತಿ, ತಾನ ಬಂದು ಹೇಳ್ತಾನ' ಅಂತ. ನನ್ನ ಸಮಾಧಾನಕ್ಕ ಹೇಳ್ತಾರ ಅಂದ್ಕೊಂಡೆ. ನೀವು ಬಂದು ಹೇಳಿದ್ರ ನಂಬ್ತಿದ್ದೆ."

ಅವಳು ಗಿರಣಿಯ ಬಾಯಿಯ ಮೇಲಿನ ಪುಡಿಯನ್ನು ಕೈಯಿಂದ ಸರಿಸಿದಳು.

"ಬೈಲಿಲ್ಲರಿ ಅವರು ನಿಮಗ, ಒಂದ ದಿನಾನೂ ಬೈಲಿಲ್ಲ. ಹೊಲ ಬಿಡೋತನಕ ಶನಿವಾರ ಬಸ್ಸಿನ ಹೊತ್ತಿಗೆ ಬೇಲಿ ಗೇಟಿಗೆ ಬಂದು ನಿಲ್ತಿದ್ರಂತ. ಕಣ್ಣಂತೂ ಕಾಣ್ತಿರಲಿಲ್ಲ. ಹೆಜ್ಜಿ ಸಪ್ಪಳ ಕೇಳಿದ್ರ ಸಾಕು, 'ಬಂದ್ಯಾ ಬೇಟಾ?' ಅಂತಿದ್ರಂತ. ಬ್ಯಾರೇ ಯಾರರ ಆಗಿರ್ತಿದ್ರು."